ಹೊಸಿಲು ದಾಟದ ಗಿಣ್ಣುಹಾಲು

ನಿಮ್ಮಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಶಾಲೆಯಲ್ಲಿ ಕೇಳಿದ್ದಕ್ಕೆ ನೀವಿಬ್ಬರೂ ಬೇರೆ ಬೇರೆ ಉತ್ತರ ಕೊಟ್ಟು ಬಂದಿರಿ. ದೊಡ್ಡವಳು ‘ವಿಜ್ಞಾನಿ’ ಎಂದಳಂತೆ. ಚಿಕ್ಕವನು ‘ಹಸುಗಳಿಗೆ ಸೂಜಿ ಚುಚ್ಚುತ್ತಾರೆ’ ಎಂದನಂತೆ. ಎರಡೂ ಸುಳ್ಳಲ್ಲ, ಆದರೆ ಎರಡರಿಂದಲೂ ವಿಷಯ ತಿಳಿಯುವುದಿಲ್ಲ. ನಿಮ್ಮಜ್ಜಿಯಾದ ನನಗೂ ತಿಳಿದಿರಲಿಲ್ಲ. ಹಿತ್ತಲಿನ ಕೊಟ್ಟಿಗೆಯಲ್ಲಿರುವ ಆ ಕೆಂದ ಕರು ಹುಟ್ಟಿದ ದಿನ ಅಷ್ಟಿಷ್ಟು ತಿಳಿಯಿತು. ಆ ದಿನ ನೀವು ಶಾಲೆಯಲ್ಲಿದ್ದಿರಿ. ಬಾಯಲ್ಲಿ ಹೇಳೋಣವೆಂದರೆ ನೀವು ನನ್ನ ಮುಖವನ್ನೇ ನೋಡುತ್ತೀರಿ, ನನಗೆ ಮಾತು ತಪ್ಪುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಓದಿದ್ದು ಮಾಕಳಿಯ ಆಚೆ, ನನ್ನ ತವರೂರಿನ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ವಿಜ್ಞಾನದ ಪುಸ್ತಕದಲ್ಲಿ ‘ಸಸ್ತನಿಗಳು’ ಎಂಬ ಪಾಠವಿತ್ತು. ಮರಿಗೆ ಮೊಲೆಯೂಡಿಸುವ ಪ್ರಾಣಿಗಳು ಎಂದು ಅದರ ಮೊದಲ ಸಾಲು. ಮೇಷ್ಟ್ರು ಆ ಸಾಲನ್ನು ಓದಿ, ಎದುರಿಗೆ ಹೆಣ್ಣುಮಕ್ಕಳು ಕುಳಿತಿರುವುದು ನೆನಪಾಗಿ, ‘ಉಳಿದದ್ದು ಮನೆಯಲ್ಲಿ ಓದ್ಕೊಳ್ಳಿ’ ಎಂದು ಪುಟ ತಿರುಗಿಸಿಬಿಟ್ಟರು. ನಾವೂ ತಲೆ ಬಗ್ಗಿಸಿಕೊಂಡು ಮುಂದಿನ ಪುಟದ ಹಕ್ಕಿಗಳನ್ನು ನೋಡಿದೆವು. ಸಸ್ತನಿಗಳ ವಿಷಯ ನನಗೆ ಬಹಳ ಕಾಲ ಅಲ್ಲಿಗೇ ನಿಂತಿತ್ತು.

ಮದುವೆಯಾಗಿ ಅಮೃತಹಳ್ಳಿಗೆ ಬಂದಾಗ ಈ ಮನೆಯ ಹಿಂದೆ ರಾಗಿ ಹೊಲವಿತ್ತು. ಈಗ ಅಲ್ಲಿ ನಮ್ಮದೇ ಬಾಡಿಗೆ ಮನೆಗಳಿವೆ, ಅದರಾಚೆ ಅಪಾರ್ಟ್‌ಮೆಂಟಿನ ಗೋಡೆ. ನಡುವೆ ಉಳಿದ ಜಾಗದಲ್ಲಿ ತಗಡು ಹೊದಿಸಿ ಒಂದು ಹಸು ಕಟ್ಟಿದ್ದೇವೆ. ನಿಮ್ಮ ತಾತ ಹೋದ ಮೇಲೆ ಹಸು ಮಾರಿಬಿಡೋಣ ಎಂದು ನಿಮ್ಮಪ್ಪ ಎರಡು ಮೂರು ಸಲ ಅಂದ. ನಾನು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಹಾಗೇ ಉಳಿಯಿತು. ಅದು ನಾಟಿ ಹಸು, ಗಿಡ್ಡ, ಹಾಲು ಕಡಿಮೆ, ಸಿಟ್ಟು ಜಾಸ್ತಿ. ನನ್ನನ್ನೂ ಮೇಲಿನ ಮನೆಯ ನಿಮ್ಮ ದೊಡ್ಡಜ್ಜಿಯನ್ನೂ ಬಿಟ್ಟು ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ. ದೊಡ್ಡಜ್ಜಿ ಎಂದರೆ ನಿಮ್ಮ ತಾತನ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

ನಿಮ್ಮಮ್ಮ ಸೊಸೆಯಾಗಿ ಬಂದಾಗಿನಿಂದ ಹೆಬ್ಬಾಳದ ಕಡೆ ಒಂದು ಲ್ಯಾಬಿಗೆ ಹೋಗುತ್ತಾಳೆ. ಅವಳಿಗೂ ನನಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ನಾನು ಮಾತಿನವಳಲ್ಲ, ಅವಳು ದಣಿದು ಬರುತ್ತಿದ್ದಳು. ಕಳೆದ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ನಾನು, ಅಕ್ಕ, ಅವಳು ಮೂವರೂ ನೆನೆಸಿದ ಅವರೆಕಾಳಿನ ಸಿಪ್ಪೆ ಹಿಚುಕುತ್ತ ಕುಳಿತಿದ್ದೆವು. ಆಗ ಅವಳು ಕೇಳಿದಳು:

‘ಅತ್ತೆ, ನಮ್ಮ ಹಸು ಯಾವಾಗ ಕರು ಹಾಕುತ್ತೆ?’

‘ಸಂಕ್ರಾಂತಿ ಆದ್ಮೇಲೆ.’

‘ಕರು ಹಾಲು ಕುಡಿಯೋಕ್ ಮುಂಚೆ ಅದರದ್ದೊಂದಿಷ್ಟು ರಕ್ತ ಬೇಕು ನಂಗೆ.’

ಅಕ್ಕನ ಕೈ ನಿಂತಿತು. ‘ಉಟ್ಟಿದ ತಕ್ಷಣ ಮಗೀಗೆ ಸೂಜಿ ಚುಚ್ತೀಯೇನೇ? ಅದ್ರವ್ವ ಒದ್ರೆ ಯಲಹಂಕಕ್ಕೆ ಓಗಿ ಬೀಳ್ತೀಯ ನೀನು!’

ನಿಮ್ಮಮ್ಮ ನಕ್ಕಳು. ಆಮೇಲೆ ಕಾಳು ಹಿಚುಕುತ್ತಲೇ ಹೇಳತೊಡಗಿದಳು. ಮೈಗೆ ರೋಗ ಹೊಕ್ಕರೆ ಅದನ್ನು ಹಿಡಿದು ನಿಲ್ಲಿಸಲು ರಕ್ತದಲ್ಲಿ ಒಂದು ವಸ್ತು ತಯಾರಾಗುತ್ತದೆ, ಪುಸ್ತಕದಲ್ಲಿ ಅದನ್ನು ಪ್ರತಿಕಾಯ ಎನ್ನುತ್ತಾರೆ. ‘ಕೊರೋನಾ ಟೈಮಲ್ಲಿ ಎಲ್ಲಾರೂ ಆಂಟಿಬಾಡಿ ಆಂಟಿಬಾಡಿ ಅಂತಿದ್ರಲ್ಲ, ಅದೇ ಅತ್ತೆ.’ ಅದನ್ನು ಹೇಗೆ ಮಾಡಬೇಕು ಎಂಬ ಪಾಠ ಪ್ರತಿ ಪ್ರಾಣಿಯ ಮೈಯಲ್ಲೂ ಬರೆದಿರುತ್ತದೆ. ಅದೇ ಜೀನ್. ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುತ್ತದೆ. ಬರುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಹಸುವಿನದು, ಮೇಕೆಯದು, ಬಾವಲಿಯದು, ಮನುಷ್ಯರದು ಎಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ಯಾರು ಯಾರಿಗೆ ಹತ್ತಿರದವರು, ಯಾರು ಯಾವಾಗ ಬೇರೆಯಾದರು ಎಂದು ಗೊತ್ತಾಗುತ್ತದಂತೆ. ಅವಳ ಕೆಲಸ ಅದು.

‘ಈ ಜೀನಲ್ಲಿ ಮುರಿದುಹೋಗಿರೋ ತುಂಡುಗಳೂ ಇರ್ತವೆ. ಏನೂ ಕೆಲಸ ಮಾಡಲ್ಲ, ಸುಮ್ನೆ ತಲೆಮಾರಿಂದ ತಲೆಮಾರಿಗೆ ಹೋಗ್ತಿರ್ತವೆ. ನಂಗೆ ಅವೇ ಹೆಚ್ಚು ಉಪಯೋಗ’ ಎಂದಳು.

ನನಗೆ ಏನೋ ಹೊಳೆಯಿತು. ಹೇಳಲೋ ಬೇಡವೋ ಎನಿಸಿತು. ಆಮೇಲೆ ಕೇಳಿದೆ. ‘ಸೋಬಾನೆ ಪದದ ಹಾಗಾ?’

ಮದುವೆ ಮನೆಗಳಲ್ಲಿ ನಾನು ಯಾವಾಗಲೂ ಹಿಂದಿನ ಸಾಲಿನಲ್ಲಿ ಕುಳಿತು ದನಿಗೂಡಿಸುವವಳು. ಹಿಂದೆ ಕುಳಿತವರಿಗೆ ಕೇಳಲು ಬಿಡುವಿರುತ್ತದೆ. ಒಂದೇ ಪದವನ್ನು ನಮ್ಮೂರಲ್ಲಿ ಒಂದು ಥರ, ಇಲ್ಲಿ ಒಂದು ಥರ ಹಾಡುತ್ತಾರೆ. ಒಂದು ಪದದಲ್ಲಿ ಅರ್ಥವೇ ಇಲ್ಲದ ಒಂದು ಸಾಲಿದೆ, ಯಾವಳೋ ಮರೆತು ಏನೋ ಸೇರಿಸಿದ್ದು. ಆ ಅರ್ಥವಿಲ್ಲದ ಸಾಲನ್ನು ಜಕ್ಕೂರಿನವಳೂ ಹಾಡಿದರೆ, ಯಲಹಂಕದವಳೂ ಹಾಡಿದರೆ, ಇಬ್ಬರೂ ಹಿಂದೊಮ್ಮೆ ಒಬ್ಬಳ ಹತ್ತಿರವೇ ಕಲಿತವರ ಕಡೆಯವರು ಎಂದು ನಾನು ಅಂದುಕೊಳ್ಳುತ್ತಿದ್ದೆ. ಸರಿಯಾದ ಸಾಲನ್ನು ಯಾರು ಬೇಕಾದರೂ ಸರಿಯಾಗಿ ಹಾಡಬಹುದು. ಒಂದೇ ತಪ್ಪು ಇಬ್ಬರಿಗೆ ತಾನಾಗಿ ಬರುವುದು ಕಷ್ಟ.

ನಿಮ್ಮಮ್ಮ ಸಿಪ್ಪೆಯ ಕೈಯಲ್ಲೇ ನನ್ನ ಮಂಡಿ ಮುಟ್ಟಿದಳು. ‘ಹೆಚ್ಚುಕಮ್ಮಿ ಅದೇ ಅತ್ತೆ. ಆದ್ರೆ ಪದ ಪಕ್ಕದ ಮನೆಯವರಿಂದಾನೂ ಕಲೀಬಹುದು. ಜೀನು ಹೆತ್ತವರಿಂದಾನೇ ಬರ್ಬೇಕು. ಮತ್ತೆ ಇದೊಂದನ್ನೇ ನಂಬೋಕಾಗಲ್ಲ, ಬೇರೆ ಜೀನುಗಳನ್ನೂ ನೋಡಿ ತಾಳೆ ಹಾಕ್ಬೇಕು.’

ಆಮೇಲೆ ಮಾತು ನೆಂಟಸ್ತನಕ್ಕೆ ತಿರುಗಿತು. ಸಮುದ್ರದ ತಿಮಿಂಗಿಲ ಹಸುವಿಗೆ ಹತ್ತಿರದ ಸಂಬಂಧವಂತೆ. ‘ದಾಯಾದಿ ಅನ್ನು’ ಎಂದರು ಅಕ್ಕ, ‘ಸದ್ಯ, ಜಮೀನಲ್ಲಿ ಪಾಲು ಕೇಳಕ್ಕೆ ದಡಕ್ಕೆ ಬರಾಕಿಲ್ಲ.’ ಬಾವಲಿ ನೋಡಲು ಇಲಿಯಂತಿದ್ದರೂ ಹಸುವಿನ ಕಡೆಯದು, ಇಲಿ ನಮ್ಮ ಕಡೆಯದು ಎಂದಾಗ ಅಕ್ಕ ನಂಬಲಿಲ್ಲ. ಆದರೆ ಮರುದಿನ ಹೆಗ್ಗಣ ಕಂಡೊಡನೆ ಮಹಡಿಯಿಂದಲೇ ಕೂಗಿದರು, ‘ಬಾರೇ, ನಿಮ್ಮ ನೆಂಟ ಬಂದವ್ನೆ, ಕಾಫಿ ಕೊಡು!’ ಮೊಟ್ಟೆಯನ್ನೂ ಇಟ್ಟು ಹಾಲನ್ನೂ ಕೊಡುವ ಒಂದು ಪ್ರಾಣಿ ಹೊರದೇಶದಲ್ಲಿದೆ, ಅದರ ಪ್ರತಿಕಾಯದ ಜೀನು ನೋಡಿದರೆ ಅದೂ ನಮ್ಮ ಸಸ್ತನಿಗಳ ಬಳಗದ್ದೇ ಎಂದು ನಿಮ್ಮಮ್ಮ ಹೇಳಿದ್ದಕ್ಕೆ ಅಕ್ಕ, ‘ಮೊಟ್ಟೇನೂ ಇಟ್ಟು ಆಲೂ ಕೊಟ್ರೆ ಅಂಥ ಸೊಸೇನ ಯಾರು ಬ್ಯಾಡ ಅಂತಾರೆ’ ಎಂದರು.

ಕರುವಿನ ವಿಷಯವನ್ನೂ ಆವತ್ತೇ ಹೇಳಿದಳು. ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ಪ್ರತಿಕಾಯ ಅದರ ರಕ್ತಕ್ಕೆ ಇಳಿದಿರುತ್ತದೆ. ಹಸುವಿನ ಗರ್ಭದಲ್ಲಿ ಅದು ದಾಟುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಎಲ್ಲವೂ ಗಿಣ್ಣುಹಾಲಿನಲ್ಲೇ ಸಿಗಬೇಕು. ಹುಟ್ಟಿದ ಕೆಲವು ಗಂಟೆ ಮಾತ್ರ ಕರುವಿನ ಕರುಳು ಅದನ್ನು ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ಒಂದು ದಿನ ಕಳೆಯುವುದರೊಳಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಲು ಕುಡಿಯುವ ಮುಂಚೆ ಕರುವಿನ ರಕ್ತದಲ್ಲಿ ಅದರದೇ ಆದದ್ದು ಏನಿದೆ ಎಂಬುದು ಅವಳಿಗೆ ನೋಡಬೇಕಿತ್ತು.

ನಾನು ಆಗ ಬೇರೆಯದನ್ನು ಯೋಚಿಸುತ್ತಿದ್ದೆ. ನಿಮ್ಮಪ್ಪ ಹುಟ್ಟಿದಾಗ ನನ್ನ ಮೊದಲ ಹಾಲನ್ನು ಕೊಳೆ ಹಾಲು ಎಂದು ಹಿಂಡಿ ಚೆಲ್ಲಿಸಿದ್ದರು. ಮಗುವಿಗೆ ಸಕ್ಕರೆ ನೀರು ನೆಕ್ಕಿಸಿದರು. ಅದೇ ಮನೆಯಲ್ಲಿ ಹಸು ಕರು ಹಾಕಿದರೆ ಮೊದಲ ಹಾಲನ್ನು ಕರುವಿಗೆ ಬಿಟ್ಟು, ಉಳಿದದ್ದಕ್ಕೆ ಬೆಲ್ಲ ಹಾಕಿ ಬೇಯಿಸಿ ಬೀದಿಗೆಲ್ಲ ಹಂಚುತ್ತಿದ್ದೆವು. ನಮ್ಮ ಮಕ್ಕಳು ಹೇಗೆ ಬದುಕಿಕೊಂಡವು ಎಂದು ಈಗ ತಿಳಿಯಿತು. ಹೊಟ್ಟೆಯೊಳಗಿದ್ದಾಗಲೇ ಕೊಟ್ಟದ್ದನ್ನು ಯಾರೂ ಹಿಂಡಿ ಚೆಲ್ಲಲಾಗುವುದಿಲ್ಲ.

ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ, ನೀವು ಸ್ಕೂಲ್ ವ್ಯಾನ್ ಹತ್ತಿದ ಮೇಲೆ, ಹಸು ಕರು ಹಾಕಿತು. ಹೆಣ್ಣು ಕರು. ಹಸುವಿಗೆ ವಯಸ್ಸಾಗಿತ್ತು. ಕರುವನ್ನು ಒಂದೆರಡು ಸಲ ನೆಕ್ಕಿತು, ಏಳಲು ನೋಡಿತು, ಆಗಲಿಲ್ಲ. ಕುತ್ತಿಗೆ ಪಕ್ಕಕ್ಕೆ ಮಡಚಿಕೊಂಡು ಮಲಗಿಬಿಟ್ಟಿತು. ಕಿವಿ ಮುಟ್ಟಿದರೆ ತಣ್ಣಗೆ. ನಿಮ್ಮಮ್ಮ ರಜೆ ಹಾಕಿ ಪಶುವೈದ್ಯರಿಗೆ ಫೋನ್ ಮಾಡಿದಳು. ಕೆಚ್ಚಲು ಬಿಗಿದಿತ್ತು. ಅದು ಮಲಗಿದ್ದಂತೆಯೇ ನಾನು ಕೈಗೆ ಸಿಕ್ಕ ಮೊಲೆಗಳಿಂದ ಒಂದು ಚೊಂಬು ಹಾಲು ಕರೆದೆ. ದಪ್ಪಗೆ, ಅರಿಶಿನ ಕಲಸಿದ ಹಾಗಿತ್ತು.

ಡಾಕ್ಟರು ಬಂದು ಹಾಲುಜ್ವರ, ಕರು ಹಾಕಿದ ಮೇಲೆ ಮೈಯಲ್ಲಿ ಕ್ಯಾಲ್ಸಿಯಂ ಕುಸಿದು ಹೀಗಾಗುತ್ತದೆ ಎಂದರು. ಕರುವಿನ ಕುತ್ತಿಗೆಯಿಂದ ನಿಮ್ಮಮ್ಮನಿಗೆ ಬೇಕಾದಷ್ಟು ರಕ್ತ ತೆಗೆದುಕೊಟ್ಟು, ಹಸುವಿಗೆ ನಿಧಾನವಾಗಿ ಕ್ಯಾಲ್ಸಿಯಂ ಬಾಟಲಿ ಏರಿಸಿದರು.

‘ಸಾಯಂಕಾಲದೊಳಗೆ ಎದ್ದೇಳುತ್ತೆ. ಆದ್ರೆ ಇವತ್ತು ಇನ್ನು ಕೆಚ್ಚಲಿಗೆ ಕೈ ಹಾಕ್ಬೇಡಿ, ಕರೂನೂ ಬಿಡ್ಬೇಡಿ. ಇರೋ ಕ್ಯಾಲ್ಸಿಯಂ ಎಲ್ಲಾ ಹಾಲಿಗೆ ಹೋದ್ರೆ ಮತ್ತೆ ಬೀಳುತ್ತೆ. ಕರೆದಿದ್ದೀರಲ್ಲ, ಅಷ್ಟನ್ನ ಕರುಗೆ ಕುಡಿಸಿ, ಸಾಕು’ ಎಂದು ಹೋದರು.

ನಿಮ್ಮಮ್ಮ ನಿಪ್ಪಲ್ ಬಾಟಲಿ ತರಲು ಮೆಡಿಕಲ್ ಸ್ಟೋರಿಗೆ ಓಡಿದಳು. ನಾನು ಗೋಣಿಚೀಲದಲ್ಲಿ ಕರುವಿನ ಮೈ ಉಜ್ಜುತ್ತ ಕೊಟ್ಟಿಗೆಯಲ್ಲೇ ಕುಳಿತಿದ್ದೆ. ಕರು ಹಾಕಿದ ಮನೆಯಲ್ಲಿ ಮೊದಲ ಹಾಲನ್ನು ಬೇಯಿಸಿ ಮನೆದೇವರಿಗೆ ಇಡದೆ ಅಕ್ಕ ನೀರೂ ಕುಡಿಯುವವರಲ್ಲ. ನಾನು ಅಡಿಗೆಮನೆಯಲ್ಲಿಟ್ಟಿದ್ದ ಚೊಂಬು ಕಂಡರು. ಡಾಕ್ಟರು ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ, ಕರು ಆಗಲೇ ಕುಡಿದಿದೆ ಎಂದುಕೊಂಡು ಇದ್ದ ಹಾಲಿಗೆಲ್ಲ ಬೆಲ್ಲ ಹಾಕಿ ಬೇಯಿಸಿಬಿಟ್ಟರು. ನಿಮ್ಮಮ್ಮ ಬಾಟಲಿ ಹಿಡಿದು ಬರುವುದಕ್ಕೂ ಅಕ್ಕ ತಟ್ಟೆ ಹಿಡಿದು ಅಂಗಳಕ್ಕೆ ಬರುವುದಕ್ಕೂ ಸರಿಹೋಯಿತು.

‘ಎಷ್ಟು ಗಟ್ಟಿಗೆ ಬಂದದೆ ನೋಡ್ರೇ, ಕತ್ತರಿಸಿದ್ರೆ ಇಟ್ಟಿಗೆ ಇದ್ದಂಗದೆ!’

ನಿಮ್ಮಮ್ಮ ತಟ್ಟೆ ನೋಡಿದಳು. ‘ದೊಡ್ಡತ್ತೆ, ಎಲ್ಲಾ ಹಾಕ್ಬಿಟ್ರಾ? ಸ್ವಲ್ಪಾನೂ ಉಳಿಸಿಲ್ವಾ?’

‘ಉಳಿಸಾಕೆ ಅದೇನು ಕಾಫಿ ಡಿಕಾಕ್ಷನ್ನಾ?’

ಯಾರೂ ನಗದಿದ್ದಾಗ ಅಕ್ಕನಿಗೆ ಗಾಬರಿಯಾಯಿತು. ನಿಮ್ಮಮ್ಮ ಸಿಟ್ಟು ಮಾಡಲಿಲ್ಲ. ಗಿಣ್ಣು ಹಾಗೆ ಗಟ್ಟಿಯಾಗುವುದೇ ಆ ಹಾಲಿನಲ್ಲಿ ಪ್ರತಿಕಾಯದಂಥ ವಸ್ತುಗಳು ತುಂಬಿರುವುದರಿಂದ, ಮೊಟ್ಟೆ ಬೆಂದರೆ ಗಟ್ಟಿಯಾದ ಹಾಗೆ, ಒಮ್ಮೆ ಬೆಂದರೆ ಅದು ಕರುವಿಗೆ ಬರೀ ಊಟ, ಕಾವಲಲ್ಲ ಎಂದಷ್ಟೇ ಹೇಳಿದಳು. ಅಕ್ಕ ತಟ್ಟೆಯನ್ನು ಜಗಲಿಯ ಮೇಲಿಟ್ಟು ಅದರ ಪಕ್ಕದಲ್ಲೇ ಕುಳಿತರು. ಅವರು ಮಾಡಿದ್ದು ಪ್ರತಿ ಸಲ ಮಾಡುತ್ತಿದ್ದುದನ್ನೇ.

‘ಈಗೇನು ಮಾಡೋದೇ?’

‘ಇವತ್ತೋ ನಿನ್ನೆಯೋ ಕರು ಹಾಕಿರೋ ಬೇರೆ ಹಸು ಬೇಕು ದೊಡ್ಡತ್ತೆ. ಅದರ ಹಸಿ ಹಾಲು. ಸಾಯಂಕಾಲದವರೆಗೂ ಕಾಯೋಕಾಗಲ್ಲ, ಬೇಗ ಕುಡಿದಷ್ಟೂ ಒಳ್ಳೇದು. ಇಲ್ಲಾಂದ್ರೆ ಈ ಕರು ಒಂದು ವಾರ ಉಳಿಯೋದೂ ಅನುಮಾನ.’

ಅಕ್ಕ ತಕ್ಷಣ ಅಡಿಗೆಮನೆಯ ಕಡೆ ಕೈ ತೋರಿಸಿದರು. ಹಿಂದಿನ ದಿನ ಜಕ್ಕೂರು ಕೆರೆಯ ಹತ್ತಿರದ ಒಂದು ಮನೆಯಿಂದ ನಮಗೆ ಗಿಣ್ಣು ಬಂದಿತ್ತು. ಆ ಮನೆಯ ಮುದುಕಿ ನಮಗೆ ದೂರದ ನೆಂಟರು. ಡಬ್ಬಿಯನ್ನು ಇನ್ನೂ ಹಿಂದಿರುಗಿಸಿರಲಿಲ್ಲ. ಗಿಣ್ಣಿನ ಡಬ್ಬಿಯನ್ನು ನಾವು ಖಾಲಿ ಕಳಿಸುವುದಿಲ್ಲ. ಅಕ್ಕಿ ತುಂಬಿ, ನಿಮ್ಮಮ್ಮನನ್ನು ಕರೆದುಕೊಂಡು ಹೊರಟೆ. ಹಸುವಿನ ಹತ್ತಿರ ಅಕ್ಕ ಉಳಿದರು. ಕೇಳಬೇಕಾದವಳು ನಾನೇ. ನಿಮ್ಮಮ್ಮನಿಗೆ ಆ ಮನೆಯ ಪರಿಚಯವಿರಲಿಲ್ಲ.

ಮುದುಕಿ ಬಾಗಿಲಲ್ಲೇ ಬಿಸಿಲು ಕಾಯುತ್ತಿದ್ದರು. ಡಬ್ಬಿ ಕೊಟ್ಟೆ. ಗಿಣ್ಣು ಚೆನ್ನಾಗಿತ್ತು ಎಂದೆ. ಮಂಡಿ ನೋವು ಹೇಗಿದೆ ಎಂದೆ. ಮೊಮ್ಮಗಳ ಮದುವೆ ಎಲ್ಲಿಗೆ ಬಂತು ಎಂದೆ. ಕೇಳಬೇಕಾದದ್ದನ್ನು ಮಾತ್ರ ಕೇಳಲಿಲ್ಲ. ಗೇಟಿನ ಹತ್ತಿರ ನಿಮ್ಮಮ್ಮ ಮತ್ತೆ ಮತ್ತೆ ಮೊಬೈಲಿನಲ್ಲಿ ಸಮಯ ನೋಡುತ್ತಿದ್ದಳು. ಅದನ್ನು ಕಂಡು ಮುದುಕಿಯೇ, ‘ಏನವ್ವ, ಸೊಸೆ ಅಂಗ್ಯಾಕೆ ನಿಂತವ್ಳೆ? ಏನಾದ್ರೂ ಬೇಕಿತ್ತಾ?’ ಎಂದರು.

ಹೇಳಿದೆ. ಮುದುಕಿ ಪೂರ್ತಿ ಕೇಳಿ ತಲೆಯಾಡಿಸಿದರು. ‘ಅಸಿ ಗಿಣ್ಣಾಲು ನಮ್ಮನೆ ವಸ್ಲು ದಾಟಾಕಿಲ್ಲ ಕಣವ್ವ. ಬೇಯ್ಸಿ ಎಷ್ಟು ಬೇಕಾದ್ರೂ ಕೊಡ್ತೀನಿ. ಅಸೀದು ಆಚೀಗೋದ್ರೆ ಅಸು ಕೆಚ್ಚಲು ಬತ್ತೋಯ್ತದೆ. ನಮ್ಮತ್ತೆ ಕಾಲ್ದಿಂದ್ಲೂ ಇಂಗೇಯ.’

ನಿಮ್ಮಮ್ಮ ಮುಂದೆ ಬಂದು ತನ್ನ ಓದನ್ನೆಲ್ಲ ಸರಳ ಮಾಡಿ ಹೇಳಿದಳು. ಮುದುಕಿ ಅದನ್ನೂ ಕೇಳಿದರು. ‘ನೀನು ಏಳೋದು ದಿಟವೇ ಇರ್ಬೌದು ಮಗ. ನಾನು ಬ್ಯಾಡ ಅನ್ನಾಕಿಲ್ಲ. ಆದ್ರೆ ವಸ್ಲು ದಾಟ್ಸಾಕಿಲ್ಲ.’

ನಾವು ತಿರುಗಿದೆವು. ಗೇಟಿನವರೆಗೆ ಬಂದೆವು. ನಿಮ್ಮಮ್ಮ ಬೇಗ ಬೇಗ ನಡೆದಳು. ಅವಳ ಇಳಿಬಿದ್ದ ಹೆಗಲು ನೋಡಿ ನನಗೆ ತಡೆಯಲಾಗಲಿಲ್ಲ. ಬೀದಿಯಲ್ಲಿ ಜನ ಓಡಾಡುತ್ತಿದ್ದರೂ ನಿಂತಲ್ಲಿಂದಲೇ ಕೂಗಿದೆ. ‘ಹಾಲು ದಾಟೋದು ಬೇಡ ದೊಡ್ಡವ್ವ. ಕರೂನೇ ಇಲ್ಲಿಗೆ ತಂದ್ರೆ?’

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ಆಮೇಲೆ ಹಲ್ಲಿಲ್ಲದ ಬಾಯಲ್ಲಿ ನಕ್ಕರು. ‘ಕರ ಒಳೀಕೆ ಬರ್ಬಾರ್ದು ಅಂತ ನಮ್ಮತ್ತೆ ಏಳಿಲ್ಲ. ತತ್ತಾ, ಬಿರ್ರನೆ.’

ಲಗೇಜ್ ಆಟೊ ಸಿಗಲಿಲ್ಲ. ಅಮೃತಹಳ್ಳಿಯ ಮುಖ್ಯರಸ್ತೆಯಲ್ಲಿ ಸಿಕ್ಕಿದ ಆಟೊವನ್ನು ನಿಮ್ಮಮ್ಮ ಮನೆ ಬಾಗಿಲಿಗೆ ತಂದಳು. ಗೋಣಿಯಲ್ಲಿ ಸುತ್ತಿದ ಕರುವನ್ನು ನೋಡಿ ಆಟೊದವನು ಇಳಿದೇಬಿಟ್ಟ.

‘ಅಮ್ಮಾ, ಇದು ಪ್ಯಾಸೆಂಜರ್ ಆಟೊ ಕಣಮ್ಮಾ!’

‘ಪ್ಯಾಸೆಂಜರೇ ಅಣ್ಣ, ಬೆಳಿಗ್ಗೆ ಹುಟ್ಟಿದ್ದು. ಹಾಲಿಲ್ಲ ಅದಕ್ಕೆ’ ಎಂದಳು ನಿಮ್ಮಮ್ಮ.

ಅವನು ಕರುವಿನ ಮುಖ ನೋಡಿದ. ‘ಹತ್ತು ಗುರು. ಸೀಟ್ ಮೇಲೆ ಮಾತ್ರ ಏನೂ ಮಾಡ್ಬೇಡ ಕಣೋ ಮಗಾ.’

‘ಹೆಣ್ಣು ಕರು’ ಎಂದೆ ನಾನು.

‘ಸಾರಿ ಮೇಡಂ. ಮಾಡ್ಬೇಡಿ.’

ಕರು ದಾರಿಯುದ್ದಕ್ಕೂ ನಮ್ಮಿಬ್ಬರ ತೊಡೆಯ ಮೇಲೆ ಅಡ್ಡ ಮಲಗಿತ್ತು. ಅದರ ಉಸಿರು ನನ್ನ ಸೆರಗಿಗೆ ತಾಗುತ್ತಿತ್ತು, ಬಿಸಿ ಇರಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಫೋಟೊ ತೆಗೆದರು. ಬೇರೆ ದಿನವಾಗಿದ್ದರೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಮುದುಕಿ ತಮ್ಮ ಹಸುವನ್ನು ಗೋಡೆಗೆ ಒತ್ತಿ ಕಟ್ಟಿ, ಅದರ ಸ್ವಂತ ಕರುವನ್ನು ಮುಂದೆ ನಿಲ್ಲಿಸಿದ್ದರು. ಹಸು ಆ ಕರುವನ್ನು ನೆಕ್ಕುತ್ತಿರುವಾಗ ನಮ್ಮದನ್ನು ಹಿಂದಿನಿಂದ ಬಿಡಬೇಕು ಎಂದರು. ನಮ್ಮ ಕರುವಿಗೆ ಕಾಲು ನಿಲ್ಲುತ್ತಿರಲಿಲ್ಲ. ನಾನು ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಿ ಹಿಡಿದೆ. ನಿಮ್ಮಮ್ಮ ಆಫೀಸಿನ ಚೂಡಿದಾರದಲ್ಲೇ ಸಗಣಿಯ ಮೇಲೆ ಮಂಡಿಯೂರಿ, ಕರುವಿನ ಬಾಯಿಗೆ ಬೆರಳಿಟ್ಟಳು. ಚೀಪಲಿಲ್ಲ. ಮೊಲೆ ಹಿಂಡಿ ನಾಲಿಗೆಗೆ ಹಾಲು ಬಿಟ್ಟಳು. ಅದು ತುಟಿಯ ಪಕ್ಕದಿಂದ ಇಳಿದುಹೋಯಿತು. ಹಸು ಒಮ್ಮೆ ಒದೆಯಿತು, ಅವಳ ತೋಳಿಗೆ ಬಿತ್ತು. ಅವಳು ಕೈ ತೆಗೆಯಲಿಲ್ಲ. ಮತ್ತೆ ಹಿಂಡಿದಳು.

‘ಗದ್ದ ಎತ್ತು ಮಗ’ ಎಂದರು ಮುದುಕಿ ಮುಂದಿನಿಂದ.

ಎತ್ತಿದಳು. ನನ್ನ ಅಂಗೈಗೆ ಮೊದಲು ಗೊತ್ತಾಯಿತು. ಕರುವಿನ ಹೊಟ್ಟೆ ಒಂದು ಸಲ ಬಿಗಿಯಿತು. ಆಮೇಲೆ ಗಂಟಲಿನ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಲ ಅಲ್ಲಾಡತೊಡಗಿತು, ತಾನೇ ಮೂತಿಯಲ್ಲಿ ಗುದ್ದಿ ಗುದ್ದಿ ಕುಡಿಯಿತು.

‘ನಿನ್ನೆ ಕರು ಹಾಕಿದ್ದಲ್ವಾ, ಸ್ವಲ್ಪ ಕಮ್ಮಿ ಇರುತ್ತೆ. ಆದ್ರೂ ಹೋಗ್ತಿದೆ ಅತ್ತೆ, ಒಳಗೆ ಹೋಗ್ತಿದೆ’ ಎಂದಳು ನಿಮ್ಮಮ್ಮ. ಮಧ್ಯಾಹ್ನ ಇನ್ನೊಮ್ಮೆ ಕುಡಿಸಿದೆವು. ಅಲ್ಲಿಯವರೆಗೆ ಮುದುಕಿ ನಮ್ಮನ್ನು ಬಿಡಲೇ ಇಲ್ಲ, ಮುದ್ದೆ ಸಾರು ಬಡಿಸಿದರು.

ಸಂಜೆ ಮನೆಗೆ ಬಂದಾಗ ನಮ್ಮ ಹಸು ಎದ್ದು ನಿಂತಿತ್ತು. ಬೇರೆ ಮನೆಯ ವಾಸನೆ ಹೊತ್ತುಬಂದ ಕರುವನ್ನು ಸೇರಿಸುತ್ತದೋ ಇಲ್ಲವೋ ಎಂದು ನನಗೆ ಭಯ. ಬಹಳ ಹೊತ್ತು ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿತು. ಆಮೇಲೆ ಬೆನ್ನಿನಿಂದ ಶುರುಮಾಡಿ ನೆಕ್ಕಿತು. ಅಕ್ಕ ಆ ಗಿಣ್ಣನ್ನು ಬಾಯಿಗೆ ಹಾಕಿರಲಿಲ್ಲ. ನಿಮ್ಮಮ್ಮ ಕೈ ತೊಳೆದು ಬಂದವಳೇ ತಟ್ಟೆಯಿಂದ ದೊಡ್ಡ ತುಂಡು ತೆಗೆದುಕೊಂಡು, ‘ದೊಡ್ಡತ್ತೆ, ಏಲಕ್ಕಿ ಚೆನ್ನಾಗಿ ಬಿದ್ದಿದೆ’ ಎಂದು ಅವರ ಪಕ್ಕದಲ್ಲೇ ಕುಳಿತು ತಿಂದಳು. ಅಕ್ಕ ಅವಳ ತೋಳಿಗೆ ಅರಿಶಿನದ ಪಟ್ಟು ಹಾಕಿದರು.

ಕೆಲವು ದಿನಗಳ ಮೇಲೆ ಕರುವಿನ ರಕ್ತವನ್ನು ಇನ್ನೊಮ್ಮೆ ನೋಡಿದಾಗ ಪ್ರತಿಕಾಯ ಸಾಕಷ್ಟು ಸೇರಿರುವುದು ಕಂಡಿತಂತೆ. ಅದರ ಜೀನು ನಮ್ಮ ಹಸುವಿನದು, ಸದ್ಯಕ್ಕೆ ರಕ್ತದಲ್ಲಿರುವ ಕಾವಲು ಆ ಮನೆಯ ಹಸುವಿನದು, ಕೆಲವು ತಿಂಗಳಲ್ಲಿ ಅದು ಕರಗಿ ಕರು ತನ್ನದನ್ನೇ ಮಾಡಿಕೊಳ್ಳುತ್ತದೆ ಎಂದು ನಿಮ್ಮಮ್ಮ ಹೇಳಿದಳು. ಮುದುಕಿಗೆ ತಿಳಿಸಲು ಈ ಸಲ ನಾನೊಬ್ಬಳೇ ಹೋದೆ. ಹೋಗಲು ಯಾವ ನೆಪವನ್ನೂ ಹುಡುಕಲಿಲ್ಲ.

ಅವರು ಎಲ್ಲ ಕೇಳಿಸಿಕೊಂಡು, ಎಲೆ ಅಡಿಕೆ ಮಡಚುತ್ತ ಹೇಳಿದರು:

‘ಅಂಗಾದ್ರೆ ಅರ್ಧ ಕರ ನಮ್ದೇ ಬುಡು. ಸಗಣಿ ಬಾಚೋದು ಮಾತ್ರ ಪೂರ್ತಿ ನಿಮ್ದು.’